ಕಂಡಕ್ಟರ್ ಬೆಳ್ಯಪ್ಪನ ಮಂಡೆಯ ಮದ್ದು

ಜೂನ್ 3, 1959

ಇಂದಿನಿಂದ ಮತ್ತೆ ಡ್ಯೂಟಿ. ವಿಷಮಶೀತ ಜ್ವರ ಬಂದು ಚಾಪೆ ಹಿಡಿದವನು ಎದ್ದು ಖಾಕಿ ತೊಟ್ಟರೆ ಅಂಗಿಯೊಳಗೆ ಇನ್ನೊಬ್ಬ ಬೆಳ್ಯಪ್ಪ ಹಿಡಿಸುವಷ್ಟು ಜಾಗ. ನೀಲಾವತಿ ಬಾಗಿಲಲ್ಲಿ ನಿಂತು ನಕ್ಕಳು. ನಗಲಿ, ಹೆಂಡತಿಯಲ್ಲದೆ ಇನ್ಯಾರು ನಗಬೇಕು!

ಪುತ್ತೂರಿನಿಂದ ಸುಳ್ಯ, ಅಲ್ಲಿಂದ ಅರಂತೋಡು, ಕಲ್ಲುಗುಂಡಿ, ಸಂಪಾಜೆ. ಈ ಲೈನಿನಲ್ಲಿ ನನ್ನ ಗುರುತಿಲ್ಲದ ನಾಯಿಯೂ ಇಲ್ಲ. ಟಿಕೆಟ್ ಹರಿಯುವುದಕ್ಕೆ ಯಾರಾದರೂ ಆದೀತು. ನನಗೆ ಹೆಸರು ಬಂದದ್ದು ಮಾತು ತಲುಪಿಸುವುದರಿಂದ. "ಬೆಳ್ಯಪ್ಪಣ್ಣ, ಜಾಲ್ಸೂರಿನಲ್ಲಿ ನಮ್ಮ ಭಾವನಿಗೆ ಹೇಳಿ, ಎಮ್ಮೆ ಕರು ಹಾಕಿದೆ." "ಅರಂತೋಡಿನ ಅಕ್ಕನಿಗೆ ಹೇಳಿ, ಅಮ್ಮನ ಸೀಕು ಕಮ್ಮಿ ಉಂಟು." ರಸ್ತೆ ಬದಿಯಿಂದ ಕೂಗಿ ಹೇಳಿದ್ದನ್ನು ನಾನು ಫುಟ್‌ಬೋರ್ಡಿನಲ್ಲಿ ನಿಂತು ಕಿವಿಗೆ ಹಾಕಿಕೊಂಡರೆ ಮುಗಿಯಿತು, ಟಪಾಲಿಗಿಂತ ಮೊದಲು ತಲುಪಬೇಕಾದವರಿಗೆ ತಲುಪುತ್ತದೆ. ಚೀಟಿ ಬರೆದುಕೊಳ್ಳುವ ಜನ ನಾನಲ್ಲ. ಚೀಟಿ ಬೇಕಾದವರು ಪೋಸ್ಟ್‌ಮ್ಯಾನ್ ಆಗಬೇಕು.

ಇಂದು ಮಾತ್ರ ಒಂದು ವಿಚಿತ್ರ ಆಯಿತು. ಕುಂಬ್ರದಲ್ಲಿ ಒಬ್ಬ ಹೆಂಗಸು ಏನೋ ಹೇಳಿದಳು. ಕನಕಮಜಲು ಮುಟ್ಟುವಾಗ ಅದು ಇಲ್ಲ. ಯಾರಿಗೆ ಎಂಬುದೂ ಇಲ್ಲ, ಎಂತ ಎಂಬುದೂ ಇಲ್ಲ. ಡ್ರೈವರ್ ಅಬೂಬಕರ್ ಕಾಕನಿಗೆ ಹೇಳಿದೆ. ಅವರು ಸ್ಟಿಯರಿಂಗಿನಿಂದ ಕಣ್ಣು ತೆಗೆಯದೆ, "ಜ್ವರ ಇಳಿದದ್ದು ಮೈಯಿಂದ ಮಾರಾಯ, ತಲೆಯಿಂದ ಇಳೀಲಿಕ್ಕೆ ಸಮಯ ಬೇಕು. ಚಿಂತೆ ಮಾಡಿ ಮಂಡೆ ಬೆಚ್ಚ ಮಾಡ್ಬೇಡ" ಎಂದರು. ಮಂಡೆ ಬೆಚ್ಚ ಮಾಡದೆ ಇರಲು ಅದೇನು ಬೇರೆಯವರ ಮಂಡೆಯಾ?

ಜೂನ್ 9

ನನ್ನ ಮರ್ಯಾದೆ ಹೋಯಿತು.

ಕಾವಿನಲ್ಲಿ ಸೇವಂತಿ ಎಂಬವಳು ಹೆತ್ತಿದ್ದಳು. ಅವಳ ಗಂಡ ಬಸ್ಸು ನಿಲ್ಲಿಸಿ, ಪೆರಾಜೆಯಲ್ಲಿರುವ ತನ್ನ ಮಾವ ಡೊಂಬಯ್ಯನಿಗೆ ಹೇಳಲು ಹೇಳಿದ: ಹೆಣ್ಣು ಮಗು, ಎರಡೂ ಜೀವ ಸುಖ, ಅತ್ತೆ ಕೂಡಲೇ ಬರಬೇಕು. ನಾನು ಅದನ್ನು ಅರಂತೋಡಿನ ಚೆನ್ನಕೇಶವನಿಗೆ ಹೇಳಿಬಿಟ್ಟೆ. ಅವನ ಮಗಳೂ ಪುತ್ತೂರು ಕಡೆಗೆ ಮದುವೆಯಾದವಳು, ಅವಳೂ ತುಂಬಿದ ಬಸುರಿ. ನನ್ನ ತಲೆಯಲ್ಲಿ ಎರಡು ಹೊಟ್ಟೆ ಒಂದಾಗಿಹೋದವು.

ಚೆನ್ನಕೇಶವನ ಮನೆಯವರು ಊರ ಕೋಳಿ, ಕರಿಮೆಣಸು, ತೆಂಗಿನೆಣ್ಣೆ ಎಲ್ಲ ಹೊತ್ತುಕೊಂಡು ನನ್ನದೇ ಬಸ್ಸಿನಲ್ಲಿ ಪುತ್ತೂರಿಗೆ ಹೋದರು. ಹೋಗಿ ನೋಡಿದರೆ ಮಗಳು ಆರಾಮದಲ್ಲಿ ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದಾಳೆ! ವಾಪಸು ಬರುವಾಗ ಕೋಳಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದರು. ಬಸ್ಸಿಡೀ ನಕ್ಕಿತು. ಅದನ್ನು ನಾನು ಹೇಗೂ ಸಹಿಸುತ್ತಿದ್ದೆ.

ಸೇವಂತಿಯ ಗಂಡ ಇಂದು ಕಾವಿನಲ್ಲಿ ನಿಂತಿದ್ದ. ಬೈಯಲಿಲ್ಲ. "ಅವಳು ದಿನಾ ಬಸ್ಸಿನ ಶಬ್ದ ಆದಾಗ ಕತ್ತು ಎತ್ತಿ ನೋಡ್ತಿದ್ದಳು. ತವರಿಗೆ ನಾನು ಬೇಡ ಆದೆನಾ ಅಂತ ಕೇಳ್ತಾಳೆ" ಎಂದ. ಬೈದಿದ್ದರೆ ಒಳ್ಳೆಯದಿತ್ತು. ಪೆರಾಜೆಯಲ್ಲಿ ಬಸ್ಸು ನಿಲ್ಲಿಸಿ ಡೊಂಬಯ್ಯನಿಗೆ ಹೇಳಿಬಂದೆ.

ಜೂನ್ 11

ಜಯ! ಮದ್ದು ಸಿಕ್ಕಿತು.

ಪುತ್ತೂರು ಪೇಟೆಯ ಮದ್ದಿನ ಅಂಗಡಿಯಲ್ಲಿ ಬುದ್ಧಿ ಬಲಕ್ಕೆಂದೇ ಮಾಡಿದ ಟಾನಿಕ್ ಉಂಟು. ಹೆಸರು ಸ್ಮೃತಿಕುಸುಮ. ಆಹಾ, ಹೆಸರೇ ಅರ್ಧ ಮದ್ದು. ಲೇಬಲಿನಲ್ಲಿ ಕನ್ನಡಕದ ಒಬ್ಬ ಮಹನೀಯ, ಅವನ ತಲೆಯಿಂದ ಸೂರ್ಯಕಿರಣ ಹೊರಟಿದೆ. 'ವಿದ್ಯಾರ್ಥಿಗಳಿಗೆ, ವಕೀಲರಿಗೆ, ಮರೆಗುಳಿಗಳಿಗೆ' ಎಂದು ಮೂರು ಭಾಷೆಯಲ್ಲಿ ಬರೆದಿದೆ. "ಡಾಕ್ಟ್ರ ಚೀಟಿ ಎಂತದೂ ಬೇಡ. ದೊಡ್ಡ ದೊಡ್ಡವರು ಕೊಂಡೋಗ್ತಾರೆ" ಎಂದ ಅಂಗಡಿಯವ. ನಿಜವೇ. ನಾನು ನಿಂತ ಹಾಗೆಯೇ ಲಾರಿಯವರು, ಗಾರೆ ಕೆಲಸದವರು, ಒಬ್ಬ ಗುಮಾಸ್ತ, ಎಲ್ಲರೂ ಬಂದು ಅದನ್ನೇ ಕೊಂಡುಹೋದರು. ಪೇಟೆಯ ಜನಕ್ಕೆ ಇಷ್ಟೊಂದು ಮರೆವು ಉಂಟೆಂದು ನನಗೆ ಗೊತ್ತಿರಲಿಲ್ಲ. ಪಾಪ.

ಎರಡು ಚಮಚ ಕುಡಿದೆ. ಮೊದಲು ಸಿಹಿ, ಮತ್ತೆ ಗಂಟಲಲ್ಲಿ ಉರಿ, ಆಮೇಲೆ ಎದೆಯಲ್ಲಿ ಹಿತವಾದ ಬಿಸಿ. ಮದ್ದು ಎಂದರೆ ಹೀಗಿರಬೇಕು, ಒಳಗೆ ಹೋದದ್ದು ಗೊತ್ತಾಗಬೇಕು. ನೀಲಾವತಿ ಲೇಬಲ್ ಓದಿದಳು. "ಇದರಲ್ಲಿ ಒಂದೆಲಗ ಉಂಟಂತೆ. ನಮ್ಮ ತೋಡಿನ ಬದಿಯ ತಿಮರೆಯೇ ಅಲ್ವಾ ಅದು? ವಾರಕ್ಕೊಮ್ಮೆ ಚಟ್ನಿ ಅರೆದು ಹಾಕ್ತೇನೆ, ಅದಕ್ಕೆ ಮುಖ ಸಿಂಡರಿಸ್ತೀರಿ. ಬಾಟ್ಲಿಗೆ ಹೊಕ್ಕಿದ ಕೂಡಲೇ ಅಮೃತ ಆಯ್ತು!" ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಅವಳಿಗೆ ವೈದ್ಯಶಾಸ್ತ್ರ ಗೊತ್ತಿಲ್ಲ.

ಜೂನ್ 20

ಈ ಮದ್ದು ಕಂಡುಹಿಡಿದವನ ಕಾಲು ಹಿಡಿಯಬೇಕು. ಕುಡಿದ ಸ್ವಲ್ಪ ಹೊತ್ತಿನಲ್ಲಿ ಮಂಡೆಯೊಳಗಿನ ಕಿಟಕಿಗಳೆಲ್ಲ ತೆರೆದ ಹಾಗೆ. ಸಣ್ಣಂದಿನ ಶಾಲೆಯ ಪದ್ಯಗಳೂ ನೆನಪಾದವು. ಜಾಲ್ಸೂರಿನಿಂದ ಸುಳ್ಯದವರೆಗೆ ಹಾಡಿದೆ. ಎರಡು ಚಮಚ ಮಕ್ಕಳ ಲೆಕ್ಕ ಎಂದು ತೋರಿ ಈಗ ಅರ್ಧ ಲೋಟ ಮಾಡಿದ್ದೇನೆ. ಹೊರಡುವ ಮೊದಲು ಒಮ್ಮೆ, ಸುಳ್ಯದಲ್ಲಿ ಬಸ್ಸು ನಿಂತಾಗ ಒಮ್ಮೆ.

ಅಬೂಬಕರ್ ಕಾಕ ಹತ್ತಿರ ಹೋದರೆ ಮೂಗು ಮುಚ್ಚುತ್ತಾರೆ. "ಎಂತ ಮಾರಾಯ ಅದು, ಹಲಸಿನ ಹಣ್ಣು ಕೊಳೆತ ವಾಸನೆ? ಅದನ್ನು ಬಿಡು. ನಿನ್ನ ಮಂಡೆ ಅದರಷ್ಟಕ್ಕೆ ಸರಿ ಆಗ್ತದೆ." ಒಳ್ಳೆಯ ಮನುಷ್ಯ, ಇಂಥ ಡ್ರೈವರ್ ಜಿಲ್ಲೆಯಲ್ಲಿ ಇಲ್ಲ. ತಿರುವಿನಲ್ಲಿ ಬಸ್ಸು ಬಿಡುವುದನ್ನು ನೋಡಿದರೆ ತೊಟ್ಟಿಲು ತೂಗಿದ ಹಾಗೆ. ಆದರೆ ಟಾನಿಕ್ಕಿನ ವಿಷಯದಲ್ಲಿ ಹಳೇ ಕಾಲದವರು.

ಜುಲೈ 6

ಇಂದು ಸ್ಮೃತಿಕುಸುಮದ ಪೂರ್ಣ ಪ್ರತಾಪ ಕಂಡೆ. ಪುತ್ತೂರಿನಲ್ಲಿ ಮದುವೆ ದಲ್ಲಾಳಿ ಒಬ್ಬರು ಒಂದು ಉದ್ದದ ಸುದ್ದಿ ಕೊಟ್ಟರು. ಪೈಚಾರಿನ ಅಚ್ಚುತನ ಮಗಳನ್ನು ನೋಡಿಹೋದ ಗಂಡಿನ ಕಡೆಯವರಿಗೆ ಹುಡುಗಿ ಒಪ್ಪಿಗೆಯಾಗಲಿಲ್ಲವಂತೆ. ಬಣ್ಣ ಸ್ವಲ್ಪ ಕಮ್ಮಿ, ಎತ್ತರವೂ ಸಾಲದು. ಬೇರೆ ಕಡೆ ನೋಡಿಕೊಳ್ಳಬೇಕಂತೆ.

ಪೈಚಾರಿನಲ್ಲಿ ಬಸ್ಸು ನಿಂತಿತು. ಅಚ್ಚುತ ಮತ್ತು ಮಗಳು ಇಬ್ಬರೂ ಸುಳ್ಯಕ್ಕೆ ಹೋಗಲು ಅಲ್ಲಿಯೇ ನಿಂತಿದ್ದರು. ನಾನು ಫುಟ್‌ಬೋರ್ಡಿನಿಂದಲೇ ಆದಿಯಿಂದ ಅಂತ್ಯದವರೆಗೆ ಗಟ್ಟಿಯಾಗಿ ಹೇಳಿದೆ. ಒಂದಕ್ಷರ ತಪ್ಪಲಿಲ್ಲ. ಬಣ್ಣ ಬಿಡಲಿಲ್ಲ, ಎತ್ತರ ಬಿಡಲಿಲ್ಲ. ದಲ್ಲಾಳಿ ಕೊನೆಯಲ್ಲಿ 'ಇದನ್ನು ಅಚ್ಚುತನಿಗೆ ಮಾತ್ರ ಮೆಲ್ಲ ಹೇಳಿ' ಎಂದದ್ದನ್ನೂ ಬಿಡದೆ ಹೇಳಿದೆ.

ಅವರು ಯಾಕೋ ಬಸ್ಸು ಹತ್ತಲಿಲ್ಲ. ಅಬೂಬಕರ್ ಕಾಕ ಆಮೇಲೆ ನನ್ನ ಹತ್ತಿರ ಮಾತೇ ಆಡಲಿಲ್ಲ. ನೆನಪು ಮಾತ್ರ ಗಟ್ಟಿ!

ಜುಲೈ 7

ಮಾಲೀಕರು ಮಹಾಗಣಪತಿ ಭಟ್ರು ಶೆಡ್ಡಿಗೆ ಕರೆಸಿದರು. "ಬಾಯಿ ತೆರಿ" ಎಂದರು. ತೆರೆದೆ. ಎರಡು ಹೆಜ್ಜೆ ಹಿಂದೆ ಹೋದರು.

"ಪಾನನಿರೋಧದ ಜಿಲ್ಲೆಯಲ್ಲಿ ಕುಡಿದ ಕಂಡಕ್ಟರ್! ಪೊಲೀಸ್ರು ಹಿಡಿದ್ರೆ ನನ್ನ ಪರ್ಮಿಟ್ಟೇ ಹೋಗ್ತದೆ, ಗೊತ್ತುಂಟಾ ನಿನಗೆ?"

ಕುಡಿದದ್ದಾ? ನಾನಾ? ಹುಟ್ಟಿದ ಮೇಲೆ ಒಂದು ಹನಿ ಮುಟ್ಟಿದವನಲ್ಲ. ಮೈ ಉರಿದುಹೋಯಿತು. ಬಾಟ್ಲಿ ತೋರಿಸಿದೆ. ಅವರು ಅದನ್ನು ಮೂಸಿ ನೋಡಿ ಹಣೆ ಹಣೆ ಬಡಿದುಕೊಂಡರು. "ಅಚ್ಚುತ ಬೆಳಿಗ್ಗೆ ಬಂದು ಇಲ್ಲಿ ನಿಂತು ಕಣ್ಣೀರು ಹಾಕಿದ. ನಿನ್ನನ್ನು ಈಗಲೇ ತೆಗೀಬೇಕಿತ್ತು. ದೀಪಾವಳಿ ತನಕ ನೋಡ್ತೇನೆ. ಇನ್ನೊಂದು ದೂರು ಬಂದ್ರೆ ಬಸ್ಸು ಹತ್ತುದು ಬೇಡ, ಶೆಡ್ಡಿನಲ್ಲಿ ಟಯರ್ ಉರುಳಿಸು."

ಈ ದೀಪಾವಳಿಯ ಅವಕಾಶವೂ ಅಬೂಬಕರ್ ಕಾಕನಿಂದ ಸಿಕ್ಕಿದ್ದು. "ಭಟ್ರೇ, ಇವನು ಕುಡುಕ ಅಲ್ಲ, ಪೆದ್ದ. ಇವನಿಲ್ಲದಿದ್ರೆ ನನಗೆ ಈ ಲೈನಿನಲ್ಲಿ ಬಸ್ಸು ಬಿಡ್ಲಿಕ್ಕೆ ಮನಸ್ಸು ಬರುದಿಲ್ಲ" ಎಂದರಂತೆ. ಪೆದ್ದ ಎಂದದ್ದಕ್ಕೆ ಸಿಟ್ಟು ಬಂತು. ಎರಡನೆಯ ಮಾತಿಗೆ ಕಣ್ಣು ತುಂಬಿತು.

ಜುಲೈ 8

ಜ್ವರಕ್ಕೆ ಮದ್ದು ಕೊಟ್ಟ ಸುಳ್ಯದ ಡಾಕ್ಟ್ರ ಹತ್ತಿರ ಹೋದೆ. ಅವರು ಲೇಬಲಿನ ಅಡಿಯ ಇರುವೆ ಸಾಲಿನಂಥ ಇಂಗ್ಲಿಷ್ ಓದಿ ಗೊಳ್ಳನೆ ನಕ್ಕರು. "ಒಂದೆಲಗ ಸ್ವಲ್ಪ ಇದ್ದೀತು. ಸಕ್ಕರೆ ಉಂಟು. ಮತ್ತೆ ಇರುದು ಎಂತ ಗೊತ್ತುಂಟಾ? ಸಾರಾಯಿ ಮಾರಾಯ! ಅದಕ್ಕೇ ಅಲ್ವಾ ಲಾರಿಯವರು ಸಾಲು ನಿಲ್ಲುದು."

"ಹಾಗಾದ್ರೆ ನೆನಪಿಗೆ ಬೇರೆ ಮದ್ದು ಕೊಡಿ ಡಾಕ್ಟ್ರೇ."

"ನನ್ನ ಹತ್ತಿರ ಇಲ್ಲ. ಇದ್ದಿದ್ರೆ ನಾನೇ ಕುಡೀತಿದ್ದೆ, ಕನ್ನಡಕ ಎಲ್ಲಿಟ್ಟೆ ಅಂತ ದಿನಾ ಹುಡುಕ್ತೇನೆ. ಬಾಟ್ಲಿಯಲ್ಲಿ ಬರುವ ಬುದ್ಧಿಯಿಂದ ಬುದ್ಧಿ ಬಂದವರನ್ನು ನಾನಂತೂ ನೋಡಿಲ್ಲ. ನಿನ್ನದು ದೊಡ್ಡ ಜ್ವರ. ಹೊಟ್ಟೆ ತುಂಬ ಉಣ್ಣು, ನಿದ್ರೆ ಮಾಡು. ನಿಧಾನಕ್ಕೆ ಬರ್ತದೆ."

"ಬಾರದಿದ್ರೆ?"

"ಮಾತು ಕೊಟ್ಟವರ ಹತ್ತಿರ ಇನ್ನೊಮ್ಮೆ ಕೇಳು. ಬಾಯಿ ಉಂಟಲ್ವಾ?"

ನಾನು, ಬೆಳ್ಯಪ್ಪ, ಇನ್ನೊಮ್ಮೆ ಕೇಳುವುದು! ಈ ಡಾಕ್ಟ್ರಿಗೆ ಬಸ್ಸಿನ ಲೈನು ಗೊತ್ತಿಲ್ಲ. ಬಾಟ್ಲಿಯನ್ನು ನೀಲಾವತಿ ತೆಂಗಿನ ಬುಡಕ್ಕೆ ಸುರಿದಳು.

ಜುಲೈ 12

ಭಾನುವಾರ. ಪೈಚಾರಿಗೆ ಹೋಗಿದ್ದೆ. ಅಚ್ಚುತ ಮುಖ ತಿರುಗಿಸಿ ಒಳಗೆ ಹೋದ. ಆ ಹುಡುಗಿಯೇ ಹೊರಗೆ ಬಂದಳು. ತಪ್ಪಾಯಿತು ಎಂದೆ.

"ಅವರು ಬೇಡ ಅಂದದ್ದು ನನಗೆ ಬೇಜಾರಿಲ್ಲ. ಆ ಹುಡುಗನನ್ನು ನಾನೂ ಮೆಚ್ಚಿರ್ಲಿಲ್ಲ. ಬಸ್ಸಿಡೀ ತಿರುಗಿ ನನ್ನ ಬಣ್ಣ ನೋಡಿತಲ್ಲ, ಅದು" ಎಂದಳು. ಮತ್ತೆ ಒಳಗೆ ಹೋಗಿ ಒಂದು ಚೆಂಬು ಮಜ್ಜಿಗೆ ತಂದುಕೊಟ್ಟಳು. ಅದನ್ನು ನನಗೆ ಕೊಡಬೇಕಾಗಿರಲಿಲ್ಲ. ಎಂಥ ಮಗಳು! ಆಡಿದ ಮಾತು, ಒಡೆದ ಮುತ್ತು ಎಂದು ಶಾಲೆಯಲ್ಲಿ ಸಾವಿರ ಸಲ ಬರೆದಿದ್ದೇನೆ. ಬರೆದದ್ದು ಪುಸ್ತಕದಲ್ಲೇ ಉಳಿಯಿತು.

ಜುಲೈ 16

ಹೆದರಿಕೆ. ಯಾರಾದರೂ "ಬೆಳ್ಯಪ್ಪಣ್ಣ" ಎಂದು ಕೂಗಿದರೆ ಕೇಳಿಸದವನ ಹಾಗೆ ಚಿಲ್ಲರೆ ಎಣಿಸುತ್ತೇನೆ.

ಜುಲೈ 29

ಬೇರೆ ದಾರಿ ಇಲ್ಲದೆ ಇನ್ನೊಮ್ಮೆ ಕೇಳುತ್ತಿದ್ದೇನೆ. ಬರೇ ಇನ್ನೊಮ್ಮೆ ಕೇಳಿದರೆ 'ಇವನಿಗೆ ಮರೆವು' ಎನ್ನುತ್ತಾರಲ್ಲ, ಹಾಗಾಗಿ ಸುತ್ತು ಬಳಸಿ ವಿಚಾರಿಸುತ್ತೇನೆ. ಮಂಡೆಕೋಲಿನ ಆದಂ ಕುಂಞಿ ಜಾಲ್ಸೂರಿನಲ್ಲಿ ಬಂದು, ಸುಳ್ಯದ ತಮ್ಮನಿಗೆ ಎತ್ತು ಮಾರುವುದು ಬೇಡವೆಂದು ಹೇಳಲು ಹೇಳಿದ. ಯಾವ ಎತ್ತು ಎಂದು ಕೇಳಿದೆ. ಒಂದು ಕೊಂಬು ಮುರಿದದ್ದಂತೆ. ಯಾಕೆ ಮಾರುವುದಿಲ್ಲ ಎಂದೆ. ತೀರಿಹೋದ ಅವನ ಬಾಪ ಕೊನೆಗೆ ಹೂಡಿದ ಎತ್ತು ಅದು, ಈಗ ಮುದಿಯಾಗಿ ಉಳುಮೆಗೆ ಆಗುವುದಿಲ್ಲ, ಆದರೂ ಕೊಟ್ಟಿಗೆಯಲ್ಲಿ ಇರಲಿ ಎಂದು ತಾಯಿ, ಅವನ ಉಮ್ಮ, ಅಳುತ್ತಾರಂತೆ. ಇದನ್ನೆಲ್ಲ ಕೇಳಿದ ಮೇಲೆ ಮರೆಯುವುದು ಹೇಗೆ? ಆ ಮುರಿದ ಕೊಂಬು ಸುಳ್ಯದವರೆಗೆ ಕಣ್ಣೆದುರೇ ಇತ್ತು.

ತಮ್ಮನನ್ನು ಬದಿಗೆ ಕರೆದು ಹೇಳಿದೆ. ಅವನೂ ಮೂಗು ಒರೆಸಿಕೊಂಡ. ಇಷ್ಟು ವರ್ಷ ಈ ಮನೆಗಳಿಗೆ ಮಾತು ದಾಟಿಸಿದವನಿಗೆ ಅವರ ಕೊಟ್ಟಿಗೆಯಲ್ಲಿ ಎಂತ ಉಂಟೆಂದು ಗೊತ್ತಿರಲಿಲ್ಲ.

ಆಗಸ್ಟ್ 22

ಈಗ ಅರ್ಥವಾಯಿತು. ಸ್ಮೃತಿಕುಸುಮ ನಿಧಾನದ ಮದ್ದು. ರಕ್ತದಲ್ಲಿ ಕೂತು ಈಗ ಮೆಲ್ಲಗೆ ಕೆಲಸ ಮಾಡುತ್ತಿದೆ! ವಾರವಿಡೀ ಒಂದೂ ತಪ್ಪಲಿಲ್ಲ. ಡಾಕ್ಟ್ರು ನಕ್ಕದ್ದೇ ಬಂತು.

ಪ್ಯಾಸೆಂಜರುಗಳೂ ಈಚೆಗೆ ನನ್ನ ಕೆಲಸದಲ್ಲಿ ತಲೆ ಹಾಕುತ್ತಾರೆ. ಕನಕಮಜಲಿನ ದುಗ್ಗಮ್ಮ ದಿನಾ ಬುಟ್ಟಿ ಹಿಡಿದು ಸುಳ್ಯಕ್ಕೆ ವ್ಯಾಪಾರಕ್ಕೆ ಹೋಗುವವರು, ಡ್ರೈವರಿನ ಹಿಂದಿನ ಸೀಟು ಅವರದೇ. ಯಾರಾದರೂ ಸುದ್ದಿ ಕೊಟ್ಟರೆ ನನಗಿಂತ ಮೊದಲು ಅವರೇ, "ಯಾವ ಮಗಳು ಮಾರಾಯ್ರೆ, ದೊಡ್ಡವಳಾ ಸಣ್ಣವಳಾ? ಸರಿಯಾಗಿ ಹೇಳಿ, ನಮ್ಮ ಬೆಳ್ಯಪ್ಪನಿಗೆ ಮತ್ತೆ ಕೋಳಿ ಕಟ್ಟಿಸ್ಬೇಡಿ" ಎನ್ನುತ್ತಾರೆ. ಎಲ್ಲ ನಗುತ್ತಾರೆ. ನಾನೂ ನಕ್ಕೆ. ಜಾಲ್ಸೂರು ಬರುವಾಗ ಹಿಂದಿನ ಸೀಟಿನಿಂದ ಯಾರೋ ನೆನಪು ಮಾಡುತ್ತಾರೆ. ಬೇಡ ಎಂದರೂ ಕೇಳುವುದಿಲ್ಲ. ಒಳ್ಳೆಯ ಜನ. ಗುಟ್ಟಿನ ಮಾತಾದರೆ ಮಾತ್ರ ನಾನು ಕೆಳಗಿಳಿದು ಕಿವಿಯಲ್ಲಿ ಹೇಳಿಸಿಕೊಂಡು, ಕಿವಿಯಲ್ಲೇ ಹೇಳಿ ಬರುತ್ತೇನೆ. ಅದಕ್ಕೆ ಬಸ್ಸು ನಿಲ್ಲಿಸಿಕೊಡುತ್ತಾರೆ ಅಬೂಬಕರ್ ಕಾಕ.

ಸೇವಂತಿ ಇಂದು ಮಗುವನ್ನು ಎತ್ತಿಕೊಂಡು ತವರಿಗೆ ಹೋದಳು. ಟಿಕೆಟ್ ಕೊಡುವಾಗ ಮಗುವಿನ ಮುಖ ನೋಡಿ, "ನಿನಗೆ ನಾನು ದೊಡ್ಡ ಅನ್ಯಾಯ ಮಾಡಿದೆ ಮಗಾ" ಎಂದೆ. ಸೇವಂತಿ, "ಅವಳು ದೊಡ್ಡವಳಾದ ಮೇಲೆ ಅವಳಿಗೇ ಹೇಳಿ" ಎಂದು ನಕ್ಕಳು. ಅರ್ಧ ದಿನ ಖುಷಿಯಲ್ಲಿದ್ದೆ.

ಅಕ್ಟೋಬರ್ 12

ಅಬೂಬಕರ್ ಕಾಕನ ಉಮ್ಮ ಕದೀಜಮ್ಮನಿಗೆ ಹುಷಾರಿಲ್ಲ, ಕಲ್ಲುಗುಂಡಿಯ ಮನೆಯಲ್ಲಿ ಮಲಗಿದ್ದಾರೆ. ಕಾಕನ ತಂಗಿ ಪಾತುವನ್ನು ಕೊಟ್ಟದ್ದು ಅರಂತೋಡಿಗೆ. ಅವಳು ಎರಡು ದಿನಕ್ಕೊಮ್ಮೆ ನಮ್ಮ ಬಸ್ಸಿನಲ್ಲೇ ತಾಯಿಯನ್ನು ನೋಡಲು ಹೋಗುತ್ತಾಳೆ. ಕಾಕ ರಜೆ ಕೇಳುವುದಿಲ್ಲ. ಬಸ್ಸು ಕಲ್ಲುಗುಂಡಿ ದಾಟುವಾಗ ಎರಡು ಸಲ ಹಾರ್ನ್ ಹೊಡೆಯುತ್ತಾರೆ. ಮಲಗಿದ ಉಮ್ಮನಿಗೆ ಮಗ ಹೋದದ್ದು, ಮಗ ಬಂದದ್ದು ಗೊತ್ತಾಗಲೆಂದು. ಇದನ್ನು ಅವರು ಯಾರಿಗೂ ಹೇಳಿದ್ದಲ್ಲ, ಪಾತು ಹೇಳಿದಳು. ಇಂಥ ಮಗನನ್ನು ಹೆತ್ತ ಹೊಟ್ಟೆ ತಣ್ಣಗಿರಲಿ.

ಒಬ್ಬ ತಂದೆ ತನ್ನ ಮಗನ ಪರೀಕ್ಷೆಗೆಂದು ನನ್ನ ಟಾನಿಕ್ಕಿನ ಹೆಸರು ಕೇಳಿದ. ನಾನು ಸ್ಪಷ್ಟವಾಗಿ ಹೇಳಿದೆ: "ಮದ್ದು ಒಳ್ಳೆಯದೇ. ಆದ್ರೆ ಸ್ವಲ್ಪ ದಿನ ಕುಡಿದು ಬಿಟ್ಟುಬಿಡ್ಬೇಕು. ಮತ್ತೆ ಗೊತ್ತಿಲ್ಲದ್ದನ್ನು ನಾಚಿಕೆ ಬಿಟ್ಟು ಕೇಳ್ತಾ ಇರ್ಬೇಕು. ಆಗ ಹಿಡೀತದೆ." ದುಗ್ಗಮ್ಮ ಬುಟ್ಟಿಯ ಮೇಲೆ ಬಗ್ಗಿ ನಕ್ಕರು. ಯಾಕೆ ನಕ್ಕರೋ!

ಅಕ್ಟೋಬರ್ 29

ಇಂದಿನದನ್ನು ಬರೆಯದೆ ಇದ್ದರೆ ನಿದ್ರೆ ಬರಲಿಕ್ಕಿಲ್ಲ.

ಕುಂಬ್ರದಲ್ಲಿ ಎದುರಿನ ಬಸ್ಸು ಸಿಕ್ಕಿತು. ಅಬೂಬಕರ್ ಕಾಕ ರೇಡಿಯೇಟರಿಗೆ ನೀರು ಹಾಕುತ್ತಿದ್ದರು. ಆ ಬಸ್ಸಿನ ಕಂಡಕ್ಟರ್ ಕಬೀರ್ ನನ್ನನ್ನು ಹಿಂದಕ್ಕೆ ಕರೆದು, "ಕಾಕನ ಉಮ್ಮ ಬೆಳಿಗ್ಗೆ ತೀರಿಹೋದ್ರು. ಮಧ್ಯಾಹ್ನ ಕಳೆದು ಅಸರ್ ನಮಾಜಿನ ಹೊತ್ತಿಗೆ ಮಣ್ಣು ಮಾಡ್ತಾರೆ. ಬೇಗ ಬರ್ಲಿಕ್ಕೆ ಹೇಳ್ಬೇಕಂತೆ. ನನ್ನಿಂದ ಆಗುದಿಲ್ಲ, ನೀನೇ ಹೇಳು" ಎಂದ. ಹೇಳಿ ಓಡಿಹೋಗಿ ಬಸ್ಸು ಹತ್ತಿದ.

ಹಬ್ಬದ ಸಮಯ, ಬಸ್ಸು ತುಂಬ ಜನ, ಮಕ್ಕಳು ಮರಿ. ಇನ್ನೊಬ್ಬ ಡ್ರೈವರ್ ಸಿಗುವುದು ಸುಳ್ಯದ ಶೆಡ್ಡಿನಲ್ಲಿಯೇ. ಅಲ್ಲಿಯವರೆಗೆ ತಿರುವುಗಳು. ಸ್ಟಿಯರಿಂಗ್ ಹಿಡಿಯಬೇಕಾದವನಿಗೆ ಇದನ್ನು ಹೇಳುವುದು ಹೇಗೆ? ತಾಯಿ ಸತ್ತದ್ದನ್ನು ಮಗನಿಂದ ಮುಚ್ಚಿಡುವುದಾದರೂ ಹೇಗೆ? ಹೇಳದೆ ಹೋದರೂ ಬಸ್ಸು ಹೋಗುವುದು ಉಮ್ಮನ ಕಡೆಗೇ ಅಲ್ಲವೆ ಎಂದು ಮನಸ್ಸಿಗೆ ಬಂತು. ಸುಳ್ಯದವರೆಗೆ ಹೇಳುವುದಿಲ್ಲ ಎಂದು ಗಟ್ಟಿ ಮಾಡಿದೆ. "ರೈಟ್" ಎಂದದ್ದು ನನ್ನ ಸ್ವರ ಅಂತಲೇ ನನಗೆ ಅನ್ನಿಸಲಿಲ್ಲ.

ಹಬ್ಬದ ಸಾಮಾನಿಗೆಂದು ಪುತ್ತೂರಿಗೆ ಹೋಗಿ ನಮ್ಮ ಬಸ್ಸಿನಲ್ಲಿ ವಾಪಸು ಬರುತ್ತಿದ್ದ ದುಗ್ಗಮ್ಮ ರಸ್ತೆ ಬದಿಯಲ್ಲಿ ಇಳಿದು ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಅವರ ಬಾಯಿ ನನಗೆ ಗೊತ್ತಿಲ್ಲವೆ! ನಾನು ಕೈ ಮುಗಿದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡು ತಲೆ ಅಲ್ಲಾಡಿಸಿದರು. ಮತ್ತೆ ಪಕ್ಕದವಳ ಕಿವಿಯಲ್ಲಿ ಒಂದು ಮಾತು, ಅವಳು ಹಿಂದಿನವರ ಕಿವಿಯಲ್ಲಿ. ಕಾವು ಬರುವಾಗ ಕೊನೆಯ ಸೀಟಿನವರೆಗೆ ಮುಟ್ಟಿತ್ತು. ಡ್ರೈವರಿಗೆ ಮಾತ್ರ ಮುಟ್ಟಲಿಲ್ಲ. ಇಳಿಯುವವರು ಸ್ಟಾಪ್ ಬರುವ ಮೊದಲೇ ಎದ್ದು ಬಾಗಿಲಿಗೆ ಬಂದು ನಿಂತರು. ಟಾಪ್ ಮೇಲಿನ ಗೋಣಿಯನ್ನು ಯಾರು ಯಾರೋ ಸೇರಿ ಇಳಿಸಿದರು. ಚಿಲ್ಲರೆಗೆ ಜಗಳವಿಲ್ಲ, ಸೀಟಿಗೆ ಜಗಳವಿಲ್ಲ. ದುಗ್ಗಮ್ಮ ಕನಕಮಜಲಿನಲ್ಲಿ ಇಳಿಯಲೂ ಇಲ್ಲ. "ಸುಳ್ಯದವರೆಗೆ ಬರ್ತೇನೆ" ಎಂದು ಮೆಲ್ಲನೆ ಹೇಳಿ ಕೂತೇಬಿಟ್ಟರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಸುಳ್ಯ ಮುಟ್ಟಿತು. ಕಾಕ ಇಂಜಿನ್ ನಿಲ್ಲಿಸಿದರು. ಕೈ ಸ್ಟಿಯರಿಂಗಿನಲ್ಲೇ ಇತ್ತು. ನಾನು ಅವರ ಬದಿಯ ಬಾಗಿಲಿಗೆ ಹೋಗಿ ನಿಂತೆ.

"ಉಮ್ಮನಾ?" ಎಂದರು.

"ಹೌದು ಕಾಕ. ಬೆಳಿಗ್ಗೆ."

"ಕುಂಬ್ರದಿಂದಲೇ ಗೊತ್ತು. ನೀನು ಬಾಯಿ ಮುಚ್ಚಿದ್ದು ನಾನು ಈವರೆಗೆ ನೋಡಿದ್ದಿಲ್ಲ. ದುಗ್ಗಮ್ಮ ಸಹ ಮುಚ್ಚಿದ್ರು."

"ಮತ್ತೆ ಕೇಳ್ಲಿಲ್ಲ ಯಾಕೆ?"

"ಕೇಳಿದ್ರೆ ನೀನು ಹೇಳ್ಬೇಕಿತ್ತು. ನೀನು ಹೇಳಿದ್ರೆ ನನಗೆ ರಸ್ತೆ ಕಾಣ್ತಿರ್ಲಿಲ್ಲ. ಇವರೆಲ್ಲ ಮನೆಗೆ ಹೋಗುದು ಬೇಡ್ವಾ?"

ಇಷ್ಟು ಹೇಳಿದ ಮೇಲೆ ಅವರು ಸ್ಟಿಯರಿಂಗಿನಿಂದ ಕೈ ತೆಗೆದು ಮುಖ ಮುಚ್ಚಿಕೊಂಡರು. ಇಂಥ ಮನುಷ್ಯನ ಬಸ್ಸಿನಲ್ಲಿ ಸೀಟಿ ಊದುತ್ತೇನೆಂದು ಹೇಳಿಕೊಳ್ಳಲು ನಾನು ಎಷ್ಟು ಪುಣ್ಯ ಮಾಡಿದ್ದೆನೋ.

ಭಟ್ರು ಶೆಡ್ಡಿನಿಂದ ಓಡಿ ಬಂದರು. ಡ್ರೈವರ್ ಮೊಯ್ದೀನನನ್ನು ಕೂಡಲೇ ಹತ್ತಿಸಿದರು. ಕಾಕ ಮೊದಲ ಸಲ ಪ್ಯಾಸೆಂಜರ್ ಸೀಟಿನಲ್ಲಿ ಕೂತರು. ದುಗ್ಗಮ್ಮ ಇಳಿಯುವಾಗ ತಮ್ಮ ಸೀಟನ್ನು ಸೆರಗಿನಿಂದ ಒರೆಸಿ ಕೊಟ್ಟರು. ಬಸ್ಸು ಪೇಟೆ ದಾಟಿತು.

"ಈಗ ಮಾತಾಡು ಬೆಳ್ಯಪ್ಪ" ಎಂದರು ಕಾಕ. "ಇಲ್ಲದಿದ್ರೆ ನನ್ನ ಮಂಡೆಯಲ್ಲಿ ಅದೊಂದೇ ತಿರುಗ್ತಾ ಉಂಟು. ಇವತ್ತಿನ ಸುದ್ದಿ ಎಲ್ಲ ಹೇಳು."

ಹೇಳಿದೆ. ಪೆರಾಜೆಯ ಡೊಂಬಯ್ಯನಿಗೆ, ಮೊಮ್ಮಗಳು ಮಗುಚಿಕೊಳ್ಳಲು ಕಲಿತಿದ್ದಾಳೆ. ಅರಂತೋಡಿನ ಚೆನ್ನಕೇಶವನಿಗೆ, ಅಳಿಯ ಹಬ್ಬಕ್ಕೆ ಬರುತ್ತಾನೆ, ಆದರೆ ಅವಲಕ್ಕಿ ಮುಟ್ಟುವುದಿಲ್ಲ. ಸಂಪಾಜೆಯವನೊಬ್ಬನಿಗೆ, ಕೊಡೆ ಪುತ್ತೂರಿನಲ್ಲಿ ಬಿಟ್ಟುಹೋದದ್ದು ಸಿಕ್ಕಿದೆ. ಒಂದು ಬಿಟ್ಟುಹೋದರೆ ಹಿಂದಿನಿಂದ ಯಾರೋ ಹೇಳಿಕೊಟ್ಟರು. ಕಾಕ ಕಣ್ಣು ಮುಚ್ಚಿ, ಕೆನ್ನೆಯಲ್ಲಿ ನೀರು ಇಳಿಯುತ್ತಿದ್ದರೂ, ಪ್ರತಿಯೊಂದಕ್ಕೂ "ಹ್ಞೂ" ಎಂದರು. ಅಳಿಯನ ಅವಲಕ್ಕಿಗೆ ಸಣ್ಣಗೆ ನಕ್ಕರು ಕೂಡ.

ಅರಂತೋಡು ಬಂತು. ಪಾತುವಿಗೆ ಇನ್ನೂ ತಿಳಿದಿರಲಿಲ್ಲ, ಅವಳಿಗೂ ಹೇಳಲಾಗದೆ ಬಂದಿದ್ದೆ ಎಂದಿದ್ದ ಕಬೀರ್.

"ನೀನು ಹೋಗು" ಎಂದರು ಕಾಕ. "ನನ್ನ ಮುಖ ನೋಡಿದ್ರೆ ಅವಳು ಅಲ್ಲೇ ಬೀಳ್ತಾಳೆ. ನಿನಗೆ ಹೇಳ್ಲಿಕ್ಕೆ ಗೊತ್ತುಂಟು."

ಬಸ್ಸು ನಿಂತಿತು, ಒಬ್ಬರೂ ಗೊಣಗಲಿಲ್ಲ. ನಾನು ಗದ್ದೆಯ ಬದುವಿನ ಮೇಲೆ ನಡೆದು ಅವಳ ಮನೆಗೆ ಹೋದೆ. ಅಂಗಳದಲ್ಲಿ ಭತ್ತ ಹರಡುತ್ತಿದ್ದಳು. ಮಾತಾಡಿ, ಅವಳನ್ನು ಕೂರಿಸಿ, ನೀರು ಕುಡಿಸಿ, ಮಗುವನ್ನು ನಾನು ಎತ್ತಿಕೊಂಡು ಕರೆದುತಂದೆ. ಬಸ್ಸಿನಲ್ಲಿ ಅಣ್ಣ ತಂಗಿ ಕೈ ಹಿಡಿದು ಕೂತರು. ಅಸರ್‌ಗೆ ಮೊದಲೇ ಕಲ್ಲುಗುಂಡಿ ಮುಟ್ಟಿದೆವು. ಬಸ್ಸಿನ ಗಂಡಸರು ಎಷ್ಟೋ ಜನ ಅಲ್ಲೇ ಇಳಿದು ಅವರ ಹಿಂದೆ ಮನೆಯವರೆಗೆ ನಡೆದರು.

ಸಂಜೆ ಶೆಡ್ಡಿನಲ್ಲಿ ಭಟ್ರು, "ಮೊಯ್ದೀನ್ ಸ್ವಲ್ಪ ದಿನ ಇರ್ತಾನೆ. ಅವನಿಗೆ ಲೈನು ತೋರಿಸು" ಎಂದರು. ದೀಪಾವಳಿ ಬಂತಲ್ಲ ಧಣಿ, ನನ್ನದು ಎಂತ ಎಂದು ಕೇಳಿದೆ. "ಎಂತದು ನಿನ್ನದು? ನಿನ್ನನ್ನು ಇಳಿಸಿದ್ರೆ ಆ ದುಗ್ಗಮ್ಮ ನನ್ನನ್ನು ಬಿಡ್ತಾರಾ? ಹೋಗು ಮಾರಾಯ, ಮನೆಗೆ ಹೋಗಿ ಮಲಗು" ಎಂದರು.

ಮನೆಗೆ ಬಂದು ನೀಲಾವತಿಗೆ ಎಲ್ಲ ಹೇಳಿದೆ. ಅವಳು ಕಣ್ಣೊರೆಸಿಕೊಂಡು, "ಪಾತುವಿಗೆ ಎಂತ ಹೇಳಿದ್ರಿ? ಹೇಗೆ ಹೇಳಿದ್ರಿ?" ಎಂದು ಕೇಳಿದಳು.

ಯೋಚನೆ ಮಾಡಿದೆ. ಅಂಗಳ ನೆನಪುಂಟು, ಭತ್ತ ನೆನಪುಂಟು, ಅವಳು ನನ್ನ ಕೈ ಹಿಡಿದು 'ಅಣ್ಣಾ' ಎಂದದ್ದು ನೆನಪುಂಟು. ನಾನು ಆಡಿದ ಮಾತು ಒಂದೂ ನೆನಪಿಲ್ಲ.

"ಮರೆತುಹೋಯಿತು" ಎಂದೆ.

ಅವಳು ಹೆದರಲಿಲ್ಲ. ನಾನೂ ಹೆದರಲಿಲ್ಲ.